ದಾರಿಯುದ್ದಕ್ಕೂ ಅದೇ ಪನೀರ್: ಊರಿನ ಊಟ ಎಲ್ಲಿ ಸಿಗುತ್ತೆ, ಯಾವ ಹೊತ್ತಿಗೆ ಸಿಗುತ್ತೆ?

ಪ್ರಶ್ನೆ: ನಾವು ಬೆಂಗಳೂರಿನವರು. ಕಳೆದ ವರ್ಷ ಕಾರಿನಲ್ಲಿ ಹುಬ್ಬಳ್ಳಿ, ಬಾದಾಮಿ ಕಡೆ ಹೋಗಿದ್ದೆವು. ನಿಲ್ಲಿಸಿದ ಕಡೆಯೆಲ್ಲ ಪನೀರ್ ಬಟರ್ ಮಸಾಲ, ತಂದೂರಿ ರೋಟಿ, ಗೋಬಿ ಮಂಚೂರಿ. ಜೋಳದ ರೊಟ್ಟಿ ಕೇಳಿದರೆ ‘ಮುಗಿದಿದೆ’ ಎಂದರು. ಈ ಡಿಸೆಂಬರ್ ಕೊನೆಗೆ ಹತ್ತು ದಿನ ರಜೆ ಇದೆ. ಹುಬ್ಬಳ್ಳಿ, ಬಾದಾಮಿ, ವಿಜಯಪುರ ನೋಡಿ, ಶಿರಸಿ ಮೇಲೆ ಕರಾವಳಿಗೆ ಇಳಿದು, ಮಂಗಳೂರು, ಮಡಿಕೇರಿ, ಮೈಸೂರು ದಾರಿಯಲ್ಲಿ ವಾಪಸ್ ಬರಬೇಕು ಅಂತಿದ್ದೇವೆ. ಅತ್ತೆ ಈಗ ಮಾಂಸ, ಮೀನು ಬಿಟ್ಟಿದ್ದಾರೆ. ನಮ್ಮ ಯಜಮಾನರಿಗೆ ಮೀನು ಅಂದರೆ ಪ್ರಾಣ. ಮಕ್ಕಳಿಗೆ ಖಾರ ಆಗಲ್ಲ. ಆಯಾ ಊರಿನ ಊಟ ಸಿಗುವ ಒಳ್ಳೆಯ ಹೋಟೆಲ್‌ಗಳ ಪಟ್ಟಿ ಕೊಡುತ್ತೀರಾ?

ಉತ್ತರ: ಪಟ್ಟಿಗಿಂತ ಮೊದಲು ನಿಮಗೆ ಬೇಕಾಗಿರುವುದು ಗಡಿಯಾರ. ನಾನು ಇಪ್ಪತ್ತಾರು ವರ್ಷ ಹೋಟೆಲ್‌ಗಳಿಗೆ ಒಣಮೆಣಸಿನಕಾಯಿ ಮತ್ತು ಮಸಾಲೆ ಸರಬರಾಜು ಮಾಡಿದವನು. ನೀವು ಹೇಳಿದ ದಾರಿಯಲ್ಲಿ ಬಹುತೇಕ ಎಲ್ಲ ಊರುಗಳಲ್ಲೂ ಅಡುಗೆಮನೆಯ ಬಾಗಿಲಿನಿಂದಲೇ ಒಳಗೆ ಹೋಗಿದ್ದೇನೆ. ಅಲ್ಲಿ ಕಂಡದ್ದು ಇಷ್ಟು. ಊರಿನ ಊಟ ಎಲ್ಲ ಊರಲ್ಲೂ ಇದೆ. ಆದರೆ ಅದು ಇಡೀ ದಿನ ಇರುವುದಿಲ್ಲ. ಅದಕ್ಕೆ ಒಂದು ಹೊತ್ತು ಇರುತ್ತದೆ, ದಿನಾ ಬರುವ ಒಂದಷ್ಟು ಜನ ಇರುತ್ತಾರೆ. ಆ ಹೊತ್ತಿಗೆ, ಆ ಜನ ಕೂರುವ ಜಾಗಕ್ಕೆ ಹೋದರೆ ನಿಮಗೂ ಎಲೆ ಹಾಕುತ್ತಾರೆ.

ಹೆದ್ದಾರಿಯ ದೊಡ್ಡ ಹೋಟೆಲ್‌ನ ಕಷ್ಟವೇ ಬೇರೆ. ಬೆಳಿಗ್ಗೆ ಹನ್ನೊಂದಕ್ಕೂ ಗಿರಾಕಿ ಬರುತ್ತಾರೆ, ಮಧ್ಯಾಹ್ನ ನಾಲ್ಕಕ್ಕೂ ಬರುತ್ತಾರೆ, ರಾತ್ರಿ ಹನ್ನೊಂದಕ್ಕೂ ಬರುತ್ತಾರೆ. ಎಷ್ಟು ಜನ ಬರುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಹಾಗಾಗಿ ಈರುಳ್ಳಿ, ಟೊಮೆಟೊ, ಗೋಡಂಬಿ ಅರೆದ ಒಂದೆರಡು ಗ್ರೇವಿ ಮಾಡಿ ಫ್ರಿಜ್‌ನಲ್ಲಿ ಇಡುತ್ತಾರೆ. ಅದಕ್ಕೆ ಪನೀರ್ ಹಾಕಿದರೆ ಒಂದು ಹೆಸರು, ಅಣಬೆ ಹಾಕಿದರೆ ಇನ್ನೊಂದು ಹೆಸರು. ಜೋಳದ ರೊಟ್ಟಿ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಎಳೆದರೆ ಹಿಗ್ಗುವ ಅಂಟಿಲ್ಲ. ಕುದಿಯುವ ನೀರು ಹಾಕಿ, ನಾದಿ, ಕೈಯಲ್ಲಿ ತಟ್ಟಿ, ತಕ್ಷಣ ಹೆಂಚಿಗೆ ಹಾಕಬೇಕು. ಹಿಟ್ಟು ಕಲಸಿಟ್ಟರೆ ಬಿರಿಯುತ್ತದೆ. ಮಾಡಿಟ್ಟ ರೊಟ್ಟಿ ಅರ್ಧ ಗಂಟೆಯಲ್ಲಿ ಸೆಟೆದುಕೊಳ್ಳುತ್ತದೆ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಒಲೆ ಮುಂದೆ ಕೂತಿರುವ ಎರಡು ಮೂರು ಗಂಟೆ ಮಾತ್ರ ಬಿಸಿ ರೊಟ್ಟಿ. ನಿಮಗೆ ‘ಮುಗಿದಿದೆ’ ಅಂದದ್ದು ಬಹುಶಃ ನಿಜವೇ ಇರಬೇಕು. ನೀವು ಎಷ್ಟು ಹೊತ್ತಿಗೆ ಕೇಳಿದಿರಿ ಅಂತ ಬರೆದಿಲ್ಲ. ಎರಡೂವರೆ ದಾಟಿತ್ತು ಅಲ್ವಾ?

ಈಗ ನಿಮ್ಮ ದಾರಿ ಹಿಡಿದೇ ಹೋಗೋಣ.

ಬೆಳಿಗ್ಗೆ ಆರರೊಳಗೆ ಮನೆ ಬಿಡಿ. ತುಮಕೂರಿಗೆ ಸ್ವಲ್ಪ ಮೊದಲು ಕ್ಯಾತ್ಸಂದ್ರ ಸಿಗುತ್ತದೆ. ಅಲ್ಲಿ ತಟ್ಟೆ ಇಡ್ಲಿ. ಒಬ್ಬರಿಗೆ ಒಂದೇ ಸಾಕು. ಹೊಟ್ಟೆ ತುಂಬಿಸಿಕೊಳ್ಳಬೇಡಿ, ಯಾಕೆಂದರೆ ಹತ್ತೂವರೆ ಹೊತ್ತಿಗೆ ದಾವಣಗೆರೆ ಬರುತ್ತದೆ. ಬೈಪಾಸ್‌ನಲ್ಲೇ ನೇರ ಹೋಗದೆ ಊರೊಳಗೆ ಹೋಗಿ. ಬೆಣ್ಣೆದೋಸೆ ಬೆಂಗಳೂರಿನಲ್ಲೂ ಸಿಗುತ್ತದೆ, ನಿಜ. ಆದರೆ ದಾವಣಗೆರೆಯಲ್ಲಿ ಅದರ ಪಕ್ಕ ಸಾಂಬಾರ್ ಇರುವುದಿಲ್ಲ. ತೆಳು ಕಾಯಿಚಟ್ನಿ, ಅರಿಶಿನ ಕೂಡ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ಮೇಲೆ ಬೆಣ್ಣೆ, ಅಷ್ಟೇ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಸೇರಿಸುತ್ತಾರೆ. ಒಳಗೆ ಮೃದು, ಹೊರಗೆ ಗರಿ ಬರುವುದು ಅದರಿಂದ. ಬೆಳಗಾವಿ ಕಡೆಯಿಂದ 1928ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ನಾಟಕ ಕಂಪನಿಯ ಥಿಯೇಟರ್ ಹತ್ತಿರ ದೋಸೆ ಹಾಕಲು ಶುರುಮಾಡಿದರು, ಅಲ್ಲಿಂದ ಬಂದದ್ದು ಇದು ಅಂತ ಊರಿನವರು ಹೇಳುತ್ತಾರೆ. ಮಕ್ಕಳಿಗೆ ಖಾರವಿಲ್ಲದ ತಿಂಡಿ ಇದೇ. ಚೆನ್ನಾಗಿ ತಿನ್ನಿಸಿ.

ದಾವಣಗೆರೆ ದಾಟಿದ ಮೇಲೆ ಹೊಲದ ಬಣ್ಣ ಬದಲಾಗುವುದನ್ನು ಮಕ್ಕಳಿಗೆ ತೋರಿಸಿ. ಕೆಂಪು ಮಣ್ಣು ಹೋಗಿ ಕಪ್ಪು ಮಣ್ಣು ಬರುತ್ತದೆ. ರಾಗಿ ಹಿಂದೆ ಉಳಿಯುತ್ತದೆ, ಜೋಳ ಮುಂದೆ ಬರುತ್ತದೆ. ಮೋಟೆಬೆನ್ನೂರಿನ ಹತ್ತಿರ ಬ್ಯಾಡಗಿಗೆ ಹೋಗುವ ದಾರಿ ಒಡೆಯುತ್ತದೆ. ನನ್ನ ಅನ್ನ ಹುಟ್ಟಿದ್ದು ಆ ಊರಿನಿಂದ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಮೈಯೆಲ್ಲ ಸುಕ್ಕು. 2011ರಲ್ಲಿ ಅದಕ್ಕೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಐದು ದಿನ ಆದಮೇಲೆ ಮಂಗಳೂರಿನಲ್ಲಿ ನಿಮ್ಮ ಯಜಮಾನರು ಕೆಂಪನೆಯ ಮೀನು ಗಸಿ (ಕಾಯಿ ಅರೆದ ಗಟ್ಟಿ ಸಾರು) ಉಣ್ಣುತ್ತಾರಲ್ಲ, ಆ ಕೆಂಪು ಇಲ್ಲಿಂದಲೇ ಘಟ್ಟ ಇಳಿದು ಹೋಗಿರುತ್ತದೆ. ಉಡುಪಿಯ ಸಾಂಬಾರಿನ ಬಣ್ಣವೂ ಅಷ್ಟೆ. ಕರಾವಳಿಯವರು ತಮ್ಮ ತೆಂಗಿನಕಾಯಿಗೆ ಈ ಒಣನಾಡಿನ ಮೆಣಸಿನಕಾಯಿ ಸೇರಿಸಿ ಅರೆದು ಅರೆದು ತಮ್ಮ ರುಚಿ ಕಟ್ಟಿಕೊಂಡಿದ್ದಾರೆ.

ಒಂದು ಗಂಟೆಗೆ ಹುಬ್ಬಳ್ಳಿ. ಇಲ್ಲಿ ‘ಹೋಟೆಲ್’ ಎಂದು ಹುಡುಕಬೇಡಿ, ‘ಖಾನಾವಳಿ’ ಎಂದು ಹುಡುಕಿ. ಎರಡೂ ಒಂದೇ ಅಲ್ಲ. ಆ ಕಡೆ ಹೋಟೆಲ್ ಅಂದರೆ ಚಹಾ, ತಿಂಡಿ. ಊಟ ಅಂದರೆ ಖಾನಾವಳಿ. ಮನೆ ಬಿಟ್ಟು ಬಂದವರಿಗಾಗಿ ಹುಟ್ಟಿದ ಜಾಗ ಅದು. ವರ್ಗವಾಗಿ ಬಂದ ನೌಕರರು, ಕಾಲೇಜು ಹುಡುಗರು, ಮಾರುಕಟ್ಟೆಗೆ ಮಾಲು ತಂದ ರೈತರು, ಕೋರ್ಟಿಗೆ ಬಂದ ಕಕ್ಷಿದಾರರು. ತಿಂಗಳ ಲೆಕ್ಕಕ್ಕೆ ಉಣ್ಣುವವರೂ ಇರುತ್ತಾರೆ. ತಿಂಗಳಿಡೀ ಉಣ್ಣುವವನ ಹೊಟ್ಟೆ ಕೆಡಿಸಿದರೆ ಖಾನಾವಳಿ ನಡೆಯುವುದಿಲ್ಲ. ಹಾಗಾಗಿ ಎಣ್ಣೆ, ಖಾರ ಎಲ್ಲ ಮನೆಯ ಅಳತೆಯಲ್ಲೇ ಇರುತ್ತದೆ. ಎಪಿಎಂಸಿ, ಹಳೆ ಬಸ್ ನಿಲ್ದಾಣ, ಕೋರ್ಟು, ಇವುಗಳ ಸುತ್ತ ಒಂದು ಸುತ್ತು ಹಾಕಿ. ಬೋರ್ಡಿನಲ್ಲಿ ‘ಲಿಂಗಾಯತ ಖಾನಾವಳಿ’ ಅಂತ ಇದ್ದರೆ ಶುದ್ಧ ಸಸ್ಯಾಹಾರ. ಅತ್ತೆಯವರನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ‘ಸಾವಜಿ ಖಾನಾವಳಿ’ ಅಂತ ಇದ್ದರೆ ಮಾಂಸದ ಊಟ. ನೇಕಾರಿಕೆ ಮಾಡುತ್ತಿದ್ದ ಸಾವಜಿ ಜನರ ಕೈರುಚಿ ಅದು. ಹುಬ್ಬಳ್ಳಿ, ಗದಗ-ಬೆಟಗೇರಿಯಲ್ಲಿ ಬಹಳ. ಮಟನ್ ಸಾರು, ಖೀಮಾ ಉಂಡಿ, ಜೊತೆಗೆ ರೊಟ್ಟಿ. ಖಾರ ಮಾತ್ರ ಖಾರವೇ. ಮಕ್ಕಳಿಗೆ ಬೇಡ.

ಒಳಗೆ ಕೂತ ಮೇಲೆ ಮೆನು ಕೇಳಬೇಡಿ. ‘ಇವತ್ತ ಪಲ್ಯ ಯಾವುದೈತ್ರೀ?’ ಎಂದು ಕೇಳಿ. ಒಂದು ಕಾಳಿನ ಪಲ್ಯ, ಒಂದು ಕಾಯಿ ಪಲ್ಯ ಇರುತ್ತದೆ. ಹೆಸರುಕಾಳು ಅಥವಾ ಮಡಿಕೆಕಾಳು, ಬದನೆಕಾಯಿ ಎಣ್ಣೆಗಾಯಿ, ಕೆಲವು ದಿನ ಕಡಲೆಹಿಟ್ಟಿನ ಝುಣಕ, ಅದೃಷ್ಟ ಇದ್ದರೆ ಹುಳಿಸೊಪ್ಪಿನ ಪುಂಡಿಪಲ್ಯ. ಎಲೆಯ ಬದಿಗೆ ಶೇಂಗಾ ಚಟ್ನಿ, ಅಗಸಿ ಅಥವಾ ಗುರೆಳ್ಳು ಚಟ್ನಿ, ಕೆಂಪು ಖಾರ, ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಗಟ್ಟಿ ಮೊಸರು. ಈ ಜೋಡಣೆ ಸುಮ್ನೆ ಬಂದದ್ದಲ್ಲ. ಜೋಳದ ರೊಟ್ಟಿ ಒಣ. ಅದಕ್ಕೆ ಎಣ್ಣೆಗಾಯಿಯ ಜಿಡ್ಡು ಬೇಕು, ಮೊಸರಿನ ತಂಪು ಬೇಕು. ಬೆಂಗಳೂರಿನಲ್ಲಿ ನಾವು ಪಲ್ಯವನ್ನು ನೆಂಚಿಕೊಳ್ಳಲು ಚೂರು ಹಾಕಿಸಿಕೊಳ್ಳುತ್ತೇವೆ. ಅಲ್ಲಿ ಪಲ್ಯವೇ ಊಟ. ಎರಡನೇ ಸಲ, ಮೂರನೇ ಸಲ ಕೇಳಿ ಹಾಕಿಸಿಕೊಳ್ಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ರೊಟ್ಟಿ ಮುಗಿದ ಮೇಲೆ ಸ್ವಲ್ಪ ಅನ್ನ ಸಾರು ಬರುತ್ತದೆ. ಅದಕ್ಕೆ ಹೊಟ್ಟೆಯಲ್ಲಿ ಜಾಗ ಉಳಿಸುವ ಅಗತ್ಯವಿಲ್ಲ.

ಅತ್ತೆಯವರಿಗೆ ಹಲ್ಲಿನ ತೊಂದರೆ ಇದ್ದರೆ ‘ಬಿಸಿ ರೊಟ್ಟಿ ಕೊಡ್ರಿ’ ಎಂದು ಹೇಳಿ. ಕಡಕ್ ರೊಟ್ಟಿ ಬೇರೆ. ತೆಳ್ಳಗೆ ತಟ್ಟಿ, ಪೂರ್ತಿ ಒಣಗಿಸಿದ್ದು. ಹಪ್ಪಳದ ಹಾಗೆ ಮುರಿಯುತ್ತದೆ, ವಾರಗಟ್ಟಲೆ ಇರುತ್ತದೆ. ಮಕ್ಕಳಿಗೆ ಬಿಸಿ ರೊಟ್ಟಿಯನ್ನು ಹಾಲು, ಬೆಲ್ಲದಲ್ಲಿ ಚೂರು ಮಾಡಿ ಕಲಸಿ ಕೊಡಿ. ಅಲ್ಲಿನ ಮಕ್ಕಳೂ ಹಾಗೆ ತಿಂದೇ ದೊಡ್ಡವರಾಗುವುದು. ಶೇಂಗಾ ಚಟ್ನಿಯನ್ನು ಗಟ್ಟಿ ಮೊಸರಿಗೆ ಕಲಸಿದರೂ ಖಾರ ಇಳಿಯುತ್ತದೆ.

ಸಂಜೆ ಐದರ ಮೇಲೆ ಹುಬ್ಬಳ್ಳಿ-ಧಾರವಾಡದಲ್ಲಿ ಖಾನಾವಳಿ ಮರೆತುಬಿಡಿ. ಅದು ಗಿರ್ಮಿಟ್ ಹೊತ್ತು. ಈರುಳ್ಳಿ, ಟೊಮೆಟೊ, ಹುಣಸೆ ಹಾಕಿ ಕುದಿಸಿದ ಗೊಜ್ಜಿಗೆ ಚುರುಮುರಿ ಹಾಕಿ, ಪುಟಾಣಿ ಹಿಟ್ಟು ಉದುರಿಸಿ ಕಲಸುತ್ತಾರೆ. ಪಕ್ಕದಲ್ಲಿ ಬಿಸಿ ಮಿರ್ಚಿ. ಕಲಸಿದ ಎರಡೇ ನಿಮಿಷದಲ್ಲಿ ತಿನ್ನಬೇಕು, ಪಾರ್ಸೆಲ್ ಕಟ್ಟಿಸಿದರೆ ಮೆತ್ತಗಾಗಿ ಹಾಳು. ಧಾರವಾಡ ಪೇಢೆಯ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ, ನೀವು ಹೇಗೂ ತಗೊಂಡೇ ತಗೋತೀರಿ.

ಬಾದಾಮಿಯಲ್ಲಿ ಗುಹೆ ನೋಡಿ ಅಲ್ಲೇ ಪ್ರವಾಸಿಗರ ಹೋಟೆಲ್‌ಗೆ ನುಗ್ಗಬೇಡಿ. ಐದು ಕಿಲೋಮೀಟರ್ ಆಚೆ ಬನಶಂಕರಿ ದೇವಸ್ಥಾನ ಇದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಸುತ್ತಲಿನ ಹಳ್ಳಿಯ ತಾಯಂದಿರು ಬುಟ್ಟಿ ಹೊತ್ತು ಬರುತ್ತಾರೆ. ಬುಟ್ಟಿಯಲ್ಲಿ ರೊಟ್ಟಿ, ಕಾಳಿನ ಪಲ್ಯ, ಚಟ್ನಿ, ಮಣ್ಣಿನ ಕುಡಿಕೆಯಲ್ಲಿ ಮೊಸರು. ದೇವಸ್ಥಾನದ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಕೂರಿಸಿ ಬಡಿಸುತ್ತಾರೆ. ‘ಬರ್ರಿ, ಊಟ ಮಾಡ್ರಿ’ ಎಂದು ಅವರೇ ಕರೆಯುತ್ತಾರೆ. ಮೇಜಿಲ್ಲ, ಬೋರ್ಡಿಲ್ಲ. ಈ ಇಡೀ ಪ್ರವಾಸದಲ್ಲಿ ಒಂದೇ ಊಟ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ದಯವಿಟ್ಟು ಅವರ ಹತ್ತಿರ ಚೌಕಾಸಿ ಮಾಡಬೇಡಿ. ಬೆಳಗಿನ ಜಾವ ಎದ್ದು ಬಡಿದ ರೊಟ್ಟಿ ಅದು.

ವಿಜಯಪುರ ಜೋಳದ ರಾಜಧಾನಿ. ಹಿಂಗಾರಿಯಲ್ಲಿ ಬೆಳೆಯುವ ಬಿಳಿಜೋಳ, ಅದರಲ್ಲೂ ಮಾಲದಂಡಿ ತಳಿ, ರೊಟ್ಟಿಗೆ ಬಹಳ ಹೆಸರಾದದ್ದು. ಮಳೆ ನಿಂತ ಮೇಲೆ ಕಪ್ಪುಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯುವ ಬೆಳೆ. ಒಮ್ಮೆ ನಾನು ಅಲ್ಲಿ ಕೆಲಸ ಮುಗಿಸಿ ಮೂರೂವರೆಗೆ ಒಂದು ಸಣ್ಣ ಖಾನಾವಳಿಗೆ ಹೋದೆ. ಪಲ್ಯದ ಪಾತ್ರೆ ತೊಳೆಯುತ್ತಿದ್ದರು. ನನ್ನ ಮುಖ ನೋಡಿ ಆ ತಾಯಿ ‘ಕೂಡ್ರಪಾ’ ಅಂದರು. ತಮಗೆ ಅಂತ ಇಟ್ಟುಕೊಂಡಿದ್ದ ಎರಡು ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆ, ಒಂದು ಹಸಿ ಉಳ್ಳಾಗಡ್ಡಿ ಗುದ್ದಿ ಕೊಟ್ಟರು. ದುಡ್ಡು ಕೊಡಲು ಹೋದರೆ ‘ಊಟಾನ ಇಲ್ಲಲ್ಲ, ರೊಕ್ಕ ಯಾಕ?’ ಅಂದರು. ಅವತ್ತಿನಿಂದ ನಾನು ಆ ಕಡೆ ಹೋದರೆ ಒಂದು ಗಂಟೆ ಮೀರಿಸುವುದಿಲ್ಲ.

ಒಂದು ಎಚ್ಚರಿಕೆ. ಕ್ಯಾಲೆಂಡರ್‌ನಲ್ಲಿ ಎಳ್ಳ ಅಮಾವಾಸ್ಯೆ ಯಾವತ್ತು ಅಂತ ನೋಡಿಕೊಳ್ಳಿ. ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಬರುತ್ತದೆ. ಅವತ್ತು ವಿಜಯಪುರ, ಕಲಬುರಗಿ, ಬೀದರ್ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಕಡುಬು, ಹಲವು ಕಾಳು ಸೊಪ್ಪು ಸೇರಿಸಿದ ಭಜ್ಜಿ, ಹೋಳಿಗೆ ಕಟ್ಟಿಕೊಂಡು ಹೋಗಿ ಹೊಲಕ್ಕೆ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಪೇಟೆಯಲ್ಲಿ ಊಟ ಸಿಗುವುದು ಕಷ್ಟ. ಆದರೆ ಆ ಕಡೆ ಒಬ್ಬರಾದರೂ ಪರಿಚಯದವರು ಇದ್ದರೆ ಬರುತ್ತೇವೆ ಅಂತ ಫೋನ್ ಮಾಡಿಬಿಡಿ. ಬೇಡ ಅನ್ನುವವರು ಯಾರೂ ಇಲ್ಲ.

ವಿಜಯಪುರ ಬಿಡುವಾಗ ಕಡಕ್ ರೊಟ್ಟಿ ಒಂದು ಕಟ್ಟು, ಶೇಂಗಾ ಚಟ್ನಿ ಪುಡಿ ಕಾಲು ಕಿಲೋ ತೆಗೆದು ಕಾರಿನಲ್ಲಿಡಿ. ಮುಂದೆ ಊಟದ ಹೊತ್ತು ತಪ್ಪಿದ ದಿನ ಅದೇ ನಿಮ್ಮನ್ನು ಪನೀರ್‌ನಿಂದ ಕಾಪಾಡುವುದು.

ಅಲ್ಲಿಂದ ಶಿರಸಿಗೆ ಬಂದರೆ ಎಲೆಯ ಮೇಲಿನದ್ದೆಲ್ಲ ಬದಲು. ಖಾರ ಇಳಿಯುತ್ತದೆ, ಬೆಲ್ಲ ಏರುತ್ತದೆ, ಅಕ್ಕಿ ಬರುತ್ತದೆ. ಅತ್ತೆಯವರಿಗೂ ಮಕ್ಕಳಿಗೂ ಇದು ಹಬ್ಬ. ಇಲ್ಲಿ ಕೇಳಬೇಕಾದದ್ದು ತಂಬುಳಿ. ಒಂದೆಲಗವೋ ದೊಡ್ಡಪತ್ರೆಯೋ, ಹಿತ್ತಲಿನ ಯಾವುದಾದರೂ ಸೊಪ್ಪನ್ನು ಕಾಯಿಯ ಜೊತೆ ಅರೆದು ಮಜ್ಜಿಗೆಗೆ ಸೇರಿಸುತ್ತಾರೆ. ಕುದಿಸುವುದಿಲ್ಲ. ಊಟದ ಮೊದಲಿಗೇ ಅನ್ನಕ್ಕೆ ಕಲಸಿಕೊಳ್ಳಬೇಕು. ಕುದಿಸದ ಅಡುಗೆ ಆದ್ದರಿಂದ ಸಂಜೆವರೆಗೆ ಇಡಲು ಆಗಲ್ಲ, ಮಧ್ಯಾಹ್ನವೇ ಸರಿ. ಅಪ್ಪೆಮಿಡಿ ಉಪ್ಪಿನಕಾಯಿ ಕೊಳ್ಳುವುದಾದರೆ ಇಲ್ಲೇ ಕೊಳ್ಳಿ. ತೊಡದೇವು ಅಂತ ಒಂದು ಸಿಹಿ ಇದೆ. ಅಕ್ಕಿಹಿಟ್ಟಿಗೆ ಕಬ್ಬಿನ ಹಾಲು ಸೇರಿಸಿ, ಬೋರಲು ಹಾಕಿದ ಮಡಕೆಯ ಬೆನ್ನ ಮೇಲೆ ಬಟ್ಟೆಯಲ್ಲಿ ಬಳಿದು ಬೇಯಿಸುತ್ತಾರೆ. ಕಾಗದದಷ್ಟು ತೆಳು. ಆಲೆಮನೆ ಶುರುವಾಗುವ ಕಾಲ ಅದು. ದಾರಿಯಲ್ಲಿ ಬೆಲ್ಲ ಕಾಯಿಸುವ ವಾಸನೆ ಬಂದರೆ ಕಾರು ನಿಲ್ಲಿಸಿ.

ದೇವಿಮನೆ ಘಟ್ಟ ಇಳಿದರೆ ಕುಮಟಾ. ಇಲ್ಲಿಂದ ನಿಮ್ಮ ಯಜಮಾನರ ಸರದಿ.

ಮೀನಿನ ಊಟಕ್ಕೆ ಎರಡು ಲೆಕ್ಕ ಇವೆ, ಒಂದು ವರ್ಷದ್ದು, ಒಂದು ದಿನದ್ದು. ವರ್ಷದ ಲೆಕ್ಕ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಆಗ ನಾಡದೋಣಿಯವರು ತಂದ ಸ್ವಲ್ಪ ಮೀನು, ಉಳಿದದ್ದು ಹೊರಗಿನಿಂದ ಬಂದ ಐಸ್ ಮೀನು. ಒಂದು ಜುಲೈಯಲ್ಲಿ ನಾನು ಇದನ್ನು ಮರೆತು, ಒಂದು ಹೋಟೆಲ್‌ನಲ್ಲಿ ಅಂಜಲ್ ಫ್ರೈ ಹೇಳಿ, ಹತ್ತಿಯಂಥ ತುಂಡಿಗೆ ದುಬಾರಿ ಬಿಲ್ಲು ಕೊಟ್ಟು ಬಂದೆ. ನಿಮಗೆ ಡಿಸೆಂಬರ್‌ನಲ್ಲಿ ಆ ಚಿಂತೆ ಇಲ್ಲ. ದಿನದ ಲೆಕ್ಕ: ಮೀನಿನ ಊಟ ಮಧ್ಯಾಹ್ನದ್ದು. ಬೆಳಿಗ್ಗೆ ಧಕ್ಕೆಗೆ (ದೋಣಿ ನಿಲ್ಲುವ ಕಟ್ಟೆಗೆ) ಬಂದ ಮೀನು ಹನ್ನೆರಡೂವರೆಗೆ ಎಲೆಗೆ ಬರುತ್ತದೆ. ಗಂಗೊಳ್ಳಿ, ಮಲ್ಪೆ, ಮಂಗಳೂರಿನ ಬಂದರು, ಇಂಥ ಜಾಗಗಳ ಹತ್ತಿರದ ಸಣ್ಣ ಹೋಟೆಲ್‌ಗಳ ಮುಂದೆ ಒಂದು ಗಂಟೆಗೆ ಸಾಲು ನಿಂತಿರುತ್ತದೆ. ನೀವೂ ನಿಲ್ಲಿ.

ಊಟ ಹೇಳಿದರೆ ಕುಚ್ಚಲಕ್ಕಿ ಅನ್ನವೋ ಬೆಳ್ತಿಗೆಯೋ (ಬಿಳಿ ಅನ್ನವೋ) ಎಂದು ಕೇಳುತ್ತಾರೆ. ಕುಚ್ಚಲಕ್ಕಿ ಹೇಳಿ. ದಪ್ಪ ಕಾಳು, ಮೀನಿನ ಸಾರಿಗೆ ಅದೇ ಜೋಡಿ. ಊಟದ ಜೊತೆ ಸಾರು ಬರುತ್ತದೆ. ಹುರಿದ ಮೀನು ಬೇರೆ. ಕೆಲವು ಕಡೆ ಮಸಾಲೆ ಹಚ್ಚಿದ ಮೀನುಗಳನ್ನು ತಟ್ಟೆಯಲ್ಲಿಟ್ಟು ಮೇಜಿಗೇ ತಂದು ತೋರಿಸುತ್ತಾರೆ. ಆಗಲೇ ರೇಟು ಕೇಳಿ. ಇದರಲ್ಲಿ ಸಂಕೋಚ ಏನಿಲ್ಲ, ಅಲ್ಲಿನವರೂ ಕೇಳುತ್ತಾರೆ. ಅಂಜಲ್, ಮಾಂಜಿ ದುಬಾರಿ. ಬಂಗುಡೆ, ಬೂತಾಯಿ ಅಗ್ಗ. ನನ್ನ ಮಾತು ಕೇಳಿದರೆ ಅಗ್ಗದ್ದನ್ನೇ ತಿನ್ನಿ. ಬಂಗುಡೆ ಜಾಸ್ತಿ ಮಾರಾಟವಾಗುವ ಮೀನು, ಹಾಗಾಗಿ ನಿನ್ನೆಯದು ಉಳಿದಿರುವುದಿಲ್ಲ. ಮುಳ್ಳಿನ ಅಭ್ಯಾಸ ಇಲ್ಲದ ಮಕ್ಕಳಿಗೆ ಕಾಣೆ ಮೀನು ಒಳ್ಳೆಯದು, ನಡುಮುಳ್ಳು ಒಂದೇ ಸಲಕ್ಕೆ ಬಿಡಿಸಿಕೊಳ್ಳುತ್ತದೆ. ಮರುವಾಯಿ ಸುಕ್ಕ (ಚಿಪ್ಪುಮೀನಿನ ಒಣ ಪಲ್ಯ) ಕಂಡರೆ ಬಿಡಬೇಡಿ.

ಈ ಕಡಲ ದಂಡೆ ಕೂಡ ಒಂದೇ ಅಡುಗೆಯಲ್ಲ. ಭಟ್ಕಳದಲ್ಲಿ ಅಲ್ಲಿನ ನವಾಯತ ಮುಸ್ಲಿಮರ ಬಿರಿಯಾನಿ, ಈರುಳ್ಳಿ ಧಾರಾಳ, ಖಾರ ಹದ. ಒಂದು ಗಂಟೆ ಮುಂದೆ ಕುಂದಾಪುರ, ಅಲ್ಲಿ ಕೋಳಿ ತುಪ್ಪದಲ್ಲಿ ಹುರಿದು ಘೀ ರೋಸ್ಟ್ ಆಗುತ್ತದೆ. ಮಂಗಳೂರಿಗೆ ಬಂದರೆ ಗರಿಗರಿ ಅಕ್ಕಿರೊಟ್ಟಿಯ ಮೇಲೆ ಕೋಳಿ ಗಸಿ ಸುರಿದು ಕೋರಿ ರೊಟ್ಟಿ. ಹುಳಿಯೂ ಊರಿಂದೂರಿಗೆ ಬದಲಾಗುತ್ತದೆ, ಗಮನಿಸಿ ನೋಡಿ. ಉತ್ತರ ಕನ್ನಡದಲ್ಲಿ ಮುರುಗಲು, ಅದನ್ನೇ ತುಳುನಾಡಿನಲ್ಲಿ ಪುನರ್ಪುಳಿ ಅಂತಾರೆ. ಕೊಡಗಿಗೆ ಹೋದರೆ ಕಾಚಂಪುಳಿ. ಮೈಸೂರು ಕಡೆ ಇಳಿದರೆ ಮತ್ತೆ ಹುಣಸೆ. ಕಣ್ಣುಮುಚ್ಚಿ ತಿಂದರೂ ಹುಳಿಯಲ್ಲೇ ಯಾವ ಸೀಮೆ ಅಂತ ಹೇಳಬಹುದು.

ಅತ್ತೆಯವರಿಗೆ ಉಡುಪಿ. ನಿಮಗೆ ಅನ್ನಿಸಬಹುದು, ಉಡುಪಿ ಹೋಟೆಲ್ ನಮ್ಮ ಬೀದಿಯಲ್ಲೇ ಇದೆಯಲ್ಲ ಅಂತ. ಹೌದು, ಆ ಕಡೆಯಿಂದ ಹೊರಟವರು ಎಲ್ಲ ಊರಲ್ಲೂ ಹೋಟೆಲ್ ಕಟ್ಟಿದರು. ಬೆಂಗಳೂರಿನ ಎಂಟಿಆರ್ ಶುರುವಾದದ್ದು 1924ರಲ್ಲಿ, ಕಟ್ಟಿದ ಮಯ್ಯ ಸಹೋದರರು ಉಡುಪಿ ಕಡೆಯವರು. ಮುಂಬೈನ ಮಾಟುಂಗಾದಲ್ಲಿ ರಾಮ ನಾಯಕರ ಊಟದ ಹೋಟೆಲ್ 1942ರದ್ದು. ಆದರೆ ಊರು ಬಿಟ್ಟು ಹೋದ ಅಡುಗೆ ಆಯಾ ಊರಿನ ನಾಲಿಗೆಗೆ ಬಗ್ಗಿತು. ಹೊರಗೆ ಉಳಿದದ್ದು ದೋಸೆ, ಇಡ್ಲಿ, ಸಾಂಬಾರ್. ಉಡುಪಿಯಲ್ಲೇ ಉಳಿದದ್ದನ್ನು ನೀವು ತಿನ್ನಬೇಕು. ಬೆಳಿಗ್ಗೆ ರಥಬೀದಿ ಸುತ್ತಮುತ್ತ ಗೋಳಿಬಜೆ, ಬಾಳೆಹಣ್ಣು ಕಲಸಿದ ಬನ್ಸ್. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಕೇದಗೆ ಜಾತಿಯ ಮುಂಡುಕದ ಓಲೆಯಲ್ಲಿ ಬೆಂದ ಮೂಡೆ ಎಲ್ಲ ದಿನ ಸಿಗುವುದಿಲ್ಲ. ಕೇಳಿ ನೋಡಿ. ಎಲೆಯ ವಾಸನೆ ಅಕ್ಕಿಗೆ ಇಳಿದಿರುತ್ತದೆ. ಚಳಿಗಾಲ ಆದ್ದರಿಂದ ಮಟ್ಟುಗುಳ್ಳ ಬದನೆಯ ಹುಳಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಮಧ್ಯಾಹ್ನ ಕೃಷ್ಣಮಠದ ಪಂಕ್ತಿಯಲ್ಲಿ ಕೂತರೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಸಾರು ಹೇಗಿರಬೇಕು ಅಂತ ತಿಳಿಯುತ್ತದೆ.

ಮಡಿಕೇರಿಯಲ್ಲಿ ಒಂದೇ ರಾತ್ರಿ ಇರುತ್ತೀರಿ. ಅಲ್ಲಿ ಪೇಟೆಯ ಹೋಟೆಲ್‌ಗಿಂತ ಕೊಡವರ ಮನೆಯಲ್ಲೇ ನಡೆಯುವ ಹೋಂಸ್ಟೇ ಹಿಡಿಯಿರಿ, ಬರುವ ಮುನ್ನಾದಿನವೇ ಊಟ ಹೇಳಿ. ಪಂದಿ ಕರಿ (ಹಂದಿಮಾಂಸದ ಸಾರು), ಕಡಂಬುಟ್ಟು (ಅಕ್ಕಿತರಿಯ ಉಂಡೆ ಕಡುಬು). ಸಸ್ಯಾಹಾರಿಗಳಿಗೆ ನೂಪುಟ್ಟು (ಅಕ್ಕಿ ಶಾವಿಗೆ), ಅಣಬೆ ಅಥವಾ ತರಕಾರಿ ಕರಿ ಮಾಡಿಕೊಡುತ್ತಾರೆ.

ಮೈಸೂರಿಗೆ ಇಳಿದ ದಿನ ಮುದ್ದೆ. ನೀವು ಬೆಂಗಳೂರಿನವರು, ಮುದ್ದೆಯನ್ನು ನಾನು ಪರಿಚಯಿಸಬೇಕಿಲ್ಲ. ಆದರೂ ಒಂದು ಮಾತು. ಮಿಲಿಟರಿ ಹೋಟೆಲ್ ಕೂಡ ಖಾನಾವಳಿಯ ಹಾಗೆ ಹೊತ್ತಿನ ಜಾಗ. ಬೆಳಿಗ್ಗೆ ಕಾಲು ಸೂಪು, ತಲೆಮಾಂಸ. ಹನ್ನೆರಡಕ್ಕೆ ಮುದ್ದೆ, ನಾಟಿಕೋಳಿ ಸಾರು, ಬೋಟಿ. ಮೂರಕ್ಕೆ ಬಾಗಿಲು ಹಾಕುತ್ತಾರೆ. ರಾತ್ರಿಗೆ ಇಟ್ಟ ಮುದ್ದೆ ಮೇಲೆ ಒಣಗಿ ಒಳಗೆ ಅಂಟಂಟಾಗುತ್ತದೆ, ಅದನ್ನು ನುಂಗಲು ಆಗಲ್ಲ. ಅತ್ತೆಯವರಿಗೆ ಸಸ್ಯಾಹಾರದ ಮುದ್ದೆ ಊಟದ ಮೆಸ್ಸುಗಳಿವೆ. ನೀವು ಹೋಗುವುದು ಅವರೆಕಾಯಿ ಕಾಲ. ಹಿತಕಿದ ಅವರೆಕಾಳು ಸಾರು ಇದೆಯಾ ಎಂದು ಮೊದಲು ಕೇಳಿ. ಇಲ್ಲವಾದರೆ ಬಸ್ಸಾರು, ಅದೂ ಇಲ್ಲವಾದರೆ ಉಪ್ಸಾರು. ಉಪ್ಸಾರಿನ ಪಕ್ಕ ಬರುವ ಖಾರವನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಕೊನೆಯದಾಗಿ ಮೈಸೂರು-ಬೆಂಗಳೂರು ದಾರಿ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲ ಬೈಪಾಸ್‌ನ ಆಚೆ ಉಳಿದುಬಿಟ್ಟವು. ಅಲ್ಲಿನ ಹೋಟೆಲ್‌ನವರಲ್ಲಿ ಎಷ್ಟೋ ಜನ ನನ್ನ ಗಿರಾಕಿಗಳಾಗಿದ್ದವರು. ರಸ್ತೆ ತಿರುಗಿದ ಮೇಲೆ ಅವರ ವ್ಯಾಪಾರ ಹೇಗೆ ಬಿತ್ತು ಅಂತ ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಅವಸರ ಇಲ್ಲದಿದ್ದರೆ ಮದ್ದೂರಿನ ಹತ್ತಿರ ಕೆಳಗಿಳಿದು ಹಳೆ ದಾರಿ ಹಿಡಿಯಿರಿ. ಇಪ್ಪತ್ತು ನಿಮಿಷ ಜಾಸ್ತಿ ಆಗಬಹುದು. ಮದ್ದೂರು ವಡೆ 1917ರಲ್ಲಿ ರೈಲು ನಿಲ್ದಾಣದಲ್ಲಿ ಹುಟ್ಟಿದ್ದು. ರೈಲು ಬರುವಷ್ಟರಲ್ಲಿ ಬೇಗ ಕರಿದು ಕೊಡಬೇಕಾಗಿತ್ತು ಅಂತ ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ ಕಲಸಿ ತಟ್ಟಿ ಹಾಕಿದ ವಡೆ. ಸಂಜೆ ನಾಲ್ಕರಿಂದ ಆರರೊಳಗೆ ಹೋದರೆ ಬಾಣಲೆಯಿಂದ ನೇರ ತಟ್ಟೆಗೆ ಬರುತ್ತದೆ. ಅತ್ತೆಯವರಿಗೆ, ಮಕ್ಕಳಿಗೆ ಅಲ್ಲೇ ಬಿಸಿಯದನ್ನು ಕೊಡಿಸಿ. ಮನೆಗೆ ಒಯ್ಯುವುದಿದ್ದರೆ ಆರಿದ ವಡೆಯನ್ನು ಕಾಗದದಲ್ಲಿ ಕಟ್ಟಿಸಿ, ಬಿಸಿಯದನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿಸಬೇಡಿ, ಬೆವರಿ ಮೆತ್ತಗಾಗುತ್ತದೆ.